ಒಲೆ ಪಕ್ಕದ ಅರ್ಧ ಕವಿತೆ

ಇವತ್ತು ಕೊತ್ತಂಬರಿ ಸೊಪ್ಪು ಸುತ್ತಿಕೊಟ್ಟ ಪೇಪರಿನಲ್ಲಿ ಒಂದು ಕವಿತೆ ಇತ್ತು. ಅರ್ಧ ಮಾತ್ರ. ಬರೆದವರ ಹೆಸರು ಹರಿದು ಹೋಗಿದೆ.

ಒಣಗಿಸಿ ಒಲೆ ಪಕ್ಕದ ಟೈಲ್ಸಿಗೆ ಅಂಟಿಸಿದೆ. ಸುಮ್ನೆ. ಒಗ್ಗರಣೆ ಸಿಡಿದು ಒಂದು ಸಾಲು ಆಗಲೇ ಹಳದಿ.

ಆಗ ಲೂಸಿ ಲಾರ್ಕಮ್ ನೆನಪಾದಳು. 1830ರ ದಶಕ, ಅಮೆರಿಕದ ಲೋವೆಲ್ ಊರು. 11ರ ಆಸುಪಾಸಿನಲ್ಲೇ ಹತ್ತಿ ಗಿರಣಿ ಸೇರಿದ ಹುಡುಗಿ. ಒಳಗೆ ಪುಸ್ತಕ ತರುವಂತಿಲ್ಲ. ಇವಳು ಪೇಪರಿನ ಕವಿತೆಗಳನ್ನು ಕತ್ತರಿಸಿ ತನ್ನ ಕಿಟಕಿಯ ಪಕ್ಕಕ್ಕೆಲ್ಲ ಅಂಟಿಸಿಬಿಟ್ಟಳು! ಬೈಬಲ್ ಪುಸ್ತಕದ ಲೆಕ್ಕಕ್ಕೆ ಬರಲ್ಲ ಅಂದುಕೊಂಡು ತಂದವರೂ ಇದ್ದರು. ಮೇಸ್ತ್ರಿ ಅದನ್ನೂ ಕಿತ್ತುಕೊಂಡ. ಅವನ ಮೇಜಿನ ತುಂಬ ಬೈಬಲ್ಲೇ ಅಂತೆ.

ಆ ಊರಿನ ಗಿರಣಿ ಹೆಂಗಸರು 1840ರಿಂದ 1845ರವರೆಗೆ 'ಲೋವೆಲ್ ಆಫರಿಂಗ್' ಅಂತ ಪತ್ರಿಕೆಯನ್ನೇ ತುಂಬಿಸಿದರು. ಕತೆ, ಕವಿತೆ, ಊರಿನ ನೆನಪು. ಕೂಲಿ, ಕೆಲಸದ ಗಂಟೆಗಳ ದೂರು ಮಾತ್ರ ಕಮ್ಮಿ. ನನಗೂ ಅದೇ ತಕರಾರು. ಸಾರಾ ಬ್ಯಾಗ್ಲಿ ಅನ್ನುವ ಗಿರಣಿ ಕೆಲಸದವಳು ಆಗಲೇ ಇದನ್ನು ಎತ್ತಿ ಜಗಳ ಆಡಿದ್ದಳು, ಗಟ್ಟಿಗಿತ್ತಿ.

ರಾತ್ರಿ ಅತ್ತೆ ಕನ್ನಡಕ ಏರಿಸಿ ಟೈಲ್ಸ್ ನೋಡಿದರು. "ಇದೇನು, ರೇಷನ್ ಚೀಟಿನಾ?"