ಜಿಗಿ ಇಲ್ಲದ ಹಿಟ್ಟು

ಜರ್ಮನಿಗೆ ಬಂದ ಮೊದಲ ತಿಂಗಳು ರಾತ್ರಿ ಊಟಕ್ಕೆ ಕೂತರೆ ಅಳು ಬರುತ್ತಿತ್ತು. ಇಲ್ಲಿ ಬಹಳ ಮನೆಗಳಲ್ಲಿ ಸಂಜೆ ಒಲೆ ಹಚ್ಚುವುದಿಲ್ಲ. ಹುಳಿ ಹಿಟ್ಟಿನ ಕಪ್ಪು ರೈ ಬ್ರೆಡ್, ಚೀಸ್, ಉಪ್ಪುನೀರಿನ ಸೌತೆಕಾಯಿ, ಎಲ್ಲ ತಣ್ಣಗೆ. ರಾಯಚೂರಿನಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಹಸಿವಾಗುತ್ತಿತ್ತು.

ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕಿತು. ತಟ್ಟಿದರೆ ಅಂಚೆಲ್ಲ ಸೀಳು. ಫೋನಿನಲ್ಲಿ ಅವ್ವ, "ಹಳೇ ಹಿಟ್ಟು ಐತವ್ವಾ, ಜಿಗಿ ಹೋಗೇತಿ. ಕುದಿಯೋ ನೀರಾಗ ಕಲಸು, ಚೊಲೋತ್ನಂಗ ನಾದು" ಅಂದಳು. ಜೋಳಕ್ಕೆ ಗೋಧಿಯ ಅಂಟಿಲ್ಲ, ಬಿಸಿನೀರೇ ಹಿಡಿದಿಡಬೇಕು. ನಾಲ್ಕನೆಯ ರೊಟ್ಟಿ ಉಬ್ಬಿತು.

ಹಾಲಿನ ಪದಾರ್ಥ ಹೊರಗಿನಿಂದ ತರುವಂತಿಲ್ಲ, ಮನೆಯ ತುಪ್ಪ ಬರಲಿಲ್ಲ. ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಬಂತು. ಈಗ ರೈ ಬ್ರೆಡ್ಡಿಗೂ ಬೆಣ್ಣೆ ಸವರಿ ಅದನ್ನೇ ಉದುರಿಸುತ್ತೇನೆ. ಆ ಹುಳಿಗೆ ನಿಜಕ್ಕೂ ಚೆನ್ನಾಗಿ ಹೊಂದುತ್ತದೆ.