ಅಂಡಾಶಯದ ಗಡ್ಡೆಗೆ ಕಿಡ್ನಿಯ ವಿಚಾರ ಏಕೆ?

“ಗಡ್ಡೆ ಇರುವುದು ಅಂಡಾಶಯದಲ್ಲಿ. ಕಿಡ್ನಿಯ ಹಳೆಯ ಆಪರೇಷನ್ ವಿಚಾರ ಈಗ ಏಕೆ?” ರೋಗಶಾಸ್ತ್ರ ವಿಭಾಗದಲ್ಲಿ ಸ್ಲೈಡುಗಳನ್ನು ನೋಡುವ ನನಗೆ ರೋಗಿಗಳ ಮನೆಯವರು ಪದೇಪದೇ ಕೇಳುವ ಪ್ರಶ್ನೆ ಇದು.

ಕ್ಯಾನ್ಸರಿನ ಹೆಸರನ್ನೂ ಚಿಕಿತ್ಸೆಯನ್ನೂ ನಿರ್ಧರಿಸುವುದು ಅದು ಹುಟ್ಟಿದ ಅಂಗ. ಬೇರೆಡೆಯಿಂದ ಅಂಡಾಶಯಕ್ಕೆ ಹರಡುವ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಜಠರ, ದೊಡ್ಡ ಕರುಳು, ಸ್ತನಗಳಿಂದ ಬಂದವು. ಕಿಡ್ನಿ, ಮೂತ್ರಕೋಶದಂಥ ಮೂತ್ರಾಂಗಗಳಿಂದ ಬರುವುದು ತೀರಾ ಅಪರೂಪ. ಆದ್ದರಿಂದಲೇ ಅದು ವೈದ್ಯರಿಗೆ ಚಟ್ಟನೆ ಹೊಳೆಯುವುದಿಲ್ಲ. ಎಡ ಅಂಡಾಶಯದ ಅಭಿಧಮನಿ ನೇರವಾಗಿ ಎಡ ಕಿಡ್ನಿಯ ಅಭಿಧಮನಿಗೆ ಸೇರುವುದರಿಂದ, ಕಿಡ್ನಿಯ ಅಭಿಧಮನಿಯಲ್ಲಿ ಗಡ್ಡೆ ತುಂಬಿಕೊಂಡಾಗ ರಕ್ತದೊಡನೆ ಕ್ಯಾನ್ಸರ್ ಕೋಶಗಳೂ ಹಿಮ್ಮುಖವಾಗಿ ಇಳಿಯಬಹುದೆಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಕಿಡ್ನಿಯ ಕ್ಲಿಯರ್ ಸೆಲ್ ಕ್ಯಾನ್ಸರಿನ ಕೋಶಗಳು ಸೂಕ್ಷ್ಮದರ್ಶಕದಡಿ ಖಾಲಿ ಖಾಲಿಯಾಗಿ, ತಿಳಿಯಾಗಿ ಕಾಣುತ್ತವೆ. ಅವುಗಳೊಳಗಿನ ಕೊಬ್ಬು ಮತ್ತು ಗ್ಲೈಕೋಜನ್ (ಕೋಶದಲ್ಲಿ ಕೂಡಿಟ್ಟ ಸಕ್ಕರೆ) ಅಂಗಾಂಶವನ್ನು ಸಂಸ್ಕರಿಸುವಾಗಲೇ ಕರಗಿಹೋಗಿರುತ್ತವೆ. ಅಂಡಾಶಯದಲ್ಲೇ ಹುಟ್ಟುವ ಕ್ಲಿಯರ್ ಸೆಲ್ ಕ್ಯಾನ್ಸರಿನ ಕೋಶಗಳೂ ಹೀಗೆಯೇ ಇರುವುದರಿಂದ ನನ್ನ ಕಣ್ಣು ಅವುಗಳ ಆಸುಪಾಸನ್ನು ಹುಡುಕುತ್ತದೆ. ಕಿಡ್ನಿಯದಾದರೆ ಕೋಶಗಳ ಗುಂಪುಗಳ ನಡುವೆ ನವಿರಾದ ರಕ್ತನಾಳಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ; ಅಂಡಾಶಯದ್ದಾದರೆ ಮೊಳೆಯ ತಲೆಯಂತೆ ಉಬ್ಬಿದ ಕೋಶಗಳೂ ಪಕ್ಕದಲ್ಲಿ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದು) ಕೂಡ ಸಿಗುವುದುಂಟು. ಕೋಶಗಳಲ್ಲಿ ಪ್ಯಾಕ್ಸ್-8 ಎಂಬ ಪ್ರೋಟೀನನ್ನು ಬಣ್ಣ ಹಾಕಿ ಹುಡುಕುವ ಪರೀಕ್ಷೆ ಎರಡರಲ್ಲೂ ಪಾಸಿಟಿವ್ ಬರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಸಿಕೆ-7 ಎಂಬ ಇನ್ನೊಂದು ಪ್ರೋಟೀನಿನ ಪರೀಕ್ಷೆ ಸಾಮಾನ್ಯವಾಗಿ ಅಂಡಾಶಯದ್ದರಲ್ಲಿ ಪಾಸಿಟಿವ್, ಕಿಡ್ನಿಯದರಲ್ಲಿ ನೆಗೆಟಿವ್.

ಮೂತ್ರಕೋಶದ ಕ್ಯಾನ್ಸರೂ ಹೀಗೆ ಹರಡಬಹುದು. ಅದರಲ್ಲೂ ಮೂತ್ರಕೋಶದ ನೆತ್ತಿಯಲ್ಲಿ, ಭ್ರೂಣಾವಸ್ಥೆಯ ಯುರೇಕಸ್ ನಾಳದ ಅವಶೇಷದಿಂದ ಹುಟ್ಟುವ ಲೋಳೆ ಸ್ರವಿಸುವ ಕ್ಯಾನ್ಸರನ್ನು ಅಂಡಾಶಯದ್ದೇ ಎಂದು ತಿಳಿಯುವುದು ಸುಲಭ.

ಇಷ್ಟು ತಲೆಕೆಡಿಸಿಕೊಳ್ಳುವುದು ಚಿಕಿತ್ಸೆಯ ಸಲುವಾಗಿ. ಅಂಡಾಶಯದ ಕ್ಯಾನ್ಸರಿಗೆ ಕಾರ್ಬೊಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಕೊಡುವುದು ವಾಡಿಕೆ. ಕಿಡ್ನಿಯ ಕ್ಲಿಯರ್ ಸೆಲ್ ಕ್ಯಾನ್ಸರ್ ಇಂಥ ಕೀಮೋಥೆರಪಿಗೆ ಜಗ್ಗುವುದು ಬಹಳ ಕಡಿಮೆ. ಅದಕ್ಕೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೊಥೆರಪಿ ಮತ್ತು ಗಡ್ಡೆಯ ರಕ್ತನಾಳಗಳ ಬೆಳವಣಿಗೆಯನ್ನು ತಡೆಯುವ ಮಾತ್ರೆಗಳಿವೆ. ತಪ್ಪು ಹೆಸರು ಬರೆದರೆ ರೋಗಿ ಕೀಮೋದ ಕಷ್ಟವನ್ನೆಲ್ಲ ವೃಥಾ ಅನುಭವಿಸಬೇಕಾಗುತ್ತದೆ ಎಂಬುದು ವರದಿಗೆ ಸಹಿ ಹಾಕುವಾಗಲೆಲ್ಲ ನನ್ನನ್ನು ಕಾಡುವ ಭಯ.

ಕಿಡ್ನಿ ಕ್ಯಾನ್ಸರ್ ಹತ್ತು ವರ್ಷ ಕಳೆದ ಮೇಲೂ ಮರಳಬಲ್ಲದು. “ಅದು ಎಂದೋ ವಾಸಿಯಾಯಿತಲ್ಲ” ಎಂದು ಮನೆಯವರು ಹೇಳದೆ ಬಿಡುವುದು ಕಿಡ್ನಿಯ ಆ ಹಳೆಯ ಆಪರೇಷನ್ನನ್ನೇ. ಸೊಂಟದ ಪಕ್ಕದಲ್ಲಿ ಹಳೆಯ ಹೊಲಿಗೆಯ ಗುರುತಿದ್ದರೆ ದಯವಿಟ್ಟು ತಿಳಿಸಿ. ಆಗಿನ ವರದಿಯನ್ನು, ಸಾಧ್ಯವಾದರೆ ಆಸ್ಪತ್ರೆಯಲ್ಲಿ ಉಳಿದಿರುವ, ಅಂದಿನ ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ತನ್ನಿ. ಅಂದಿನ ಸ್ಲೈಡು, ಇಂದಿನ ಸ್ಲೈಡು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.