ಮೂರನೆಯ ಡ್ರಿಪ್

ಹಾಸನ, 2024ರ ಜುಲೈ 18, ಗುರುವಾರ

ಸಕಲೇಶಪುರದ ಕಡೆಯಿಂದ ಮೊದಲ ಬಸ್ಸಿಗೇ ಹೊರಟ ಆ ದಂಪತಿ, ನಾನು ಆಸ್ಪತ್ರೆ ತಲುಪುವ ಹೊತ್ತಿಗಾಗಲೇ ಒದ್ದೆ ಕೊಡೆಯನ್ನು ಬಾಗಿಲ ಬಳಿ ಒರಗಿಸಿ ಬೆಂಚಿನ ಮೇಲೆ ಕುಳಿತಿದ್ದರು. ಗಂಡ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ.) ಎರಡು ಬಗೆಯ ಖಿನ್ನತೆಯ ಮಾತ್ರೆಗಳನ್ನು ಒಂದಾದ ಮೇಲೊಂದರಂತೆ ಪೂರ್ಣ ಪ್ರಮಾಣದಲ್ಲಿ ನುಂಗಿದರೂ ಅವರಿಗೆ ಗುಣ ಕಂಡಿರಲಿಲ್ಲ. ಕಾಯಿಲೆ ಯಾವಾಗ ಶುರುವಾಯಿತೆಂದು ಕೇಳಿದಾಗ ಹೆಂಡತಿ ನಿದ್ದೆಯ ವಿಷಯವನ್ನಾಗಲೀ ಊಟದ ವಿಷಯವನ್ನಾಗಲೀ ಎತ್ತಲಿಲ್ಲ. "ಮಳೆ ಲೆಕ್ಕ ಬರೆಯೋದು ಬಿಟ್ರು, ಡಾಕ್ಟ್ರಮ್ಮ. ಹೋದ ವರ್ಷದ ಮಳೆಗಾಲದಲ್ಲೇ ಬಿಟ್ರು" ಎಂದರು. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುತ್ತಿದ್ದ ಮನುಷ್ಯನ ವಿಷಯದಲ್ಲಿ ಇದಕ್ಕಿಂತ ಖಚಿತವಾದ ರೋಗಲಕ್ಷಣವನ್ನು ಯಾವ ಪ್ರಶ್ನಾವಳಿಯೂ ಹಿಡಿಯಲಾರದು.

ಇಂದು ಅವರಿಗೆ ಅರಿವಳಿಕೆ ಔಷಧವಾದ ಕೆಟಮಿನ್‌ನ ಮೂರನೆಯ ಡ್ರಿಪ್. ವಾರಕ್ಕೆ ಎರಡರಂತೆ ಒಟ್ಟು ಆರು ಎಂದು ಮನೋವೈದ್ಯರು ಗೊತ್ತುಮಾಡಿದ್ದಾರೆ.

ಅರಿವಳಿಕೆ ತಜ್ಞೆಯಾದ ನನಗೆ ಈ ಔಷಧ ಹೊಸದಲ್ಲ. 1962ರಲ್ಲಿ ತಯಾರಾಗಿ, 1970ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಕೆಟಮಿನ್ ಉಸಿರಾಟವನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ರಕ್ತದೊತ್ತಡವನ್ನು ಇಳಿಸುವುದಿಲ್ಲ; ಆದ್ದರಿಂದಲೇ ಸುಟ್ಟ ಗಾಯದ ಡ್ರೆಸ್ಸಿಂಗಿಗೆ, ಮುರಿದ ಮೂಳೆ ಕೂರಿಸುವುದಕ್ಕೆ ನಾವು ಅದನ್ನು ನೆಚ್ಚಿಕೊಂಡು ಬಂದಿದ್ದೇವೆ. ಖಿನ್ನತೆಯ ವಿಷಯದಲ್ಲಿ ಅದರ ಹೆಸರು ಕೇಳಿಬಂದದ್ದು 2000ದಲ್ಲಿ, ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಹತ್ತಕ್ಕಿಂತ ಕಡಿಮೆ ರೋಗಿಗಳ ಮೇಲೆ ನಡೆಸಿದ ಪುಟ್ಟ ಅಧ್ಯಯನದಿಂದ. ಅಲ್ಲಿ ಬಳಸಿದ ಪ್ರಮಾಣವೇ, ಅಂದರೆ ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂ, ನಲವತ್ತು ನಿಮಿಷಗಳಲ್ಲಿ, ಇಂದಿಗೂ ರೂಢಿಯಲ್ಲಿದೆ. ನಮ್ಮ ರೈಟರ್ ಅರವತ್ತು ಕಿಲೋ; ಮೂವತ್ತು ಮಿಲಿಗ್ರಾಂ ಸಾಕು. ಓ.ಟಿ.ಯಲ್ಲಾದರೆ ಇದರ ಎರಡರಿಂದ ನಾಲ್ಕು ಪಟ್ಟನ್ನು ಒಂದೇ ನಿಮಿಷದಲ್ಲಿ ಕೊಟ್ಟುಬಿಡುತ್ತೇನೆ.

ಸಿಸ್ಟರ್ 0.6 ಮಿಲಿಲೀಟರ್ ಎಳೆದು, ಸಲೈನ್ ಬೆರೆಸಿ, ಐವತ್ತು ಮಿಲಿಲೀಟರಿನ ಸಿರಿಂಜನ್ನು ಪಂಪಿಗೆ ಕೂರಿಸಿ ಗಂಟೆಗೆ 75 ಮಿಲಿಲೀಟರ್ ಎಂದು ಒತ್ತಿದರು. ನಾನು ಇನ್ನೊಮ್ಮೆ ಲೆಕ್ಕ ಹಾಕಿದೆ. ಬಾಟಲಿಯಲ್ಲಿ ಉಳಿದದ್ದನ್ನೂ ರಿಜಿಸ್ಟರಿಗೆ ಬರೆದು ಇಬ್ಬರೂ ಸಹಿ ಮಾಡಿದೆವು. ಕೆಟಮಿನ್ ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಔಷಧ; ಪ್ರತಿ ಹನಿಗೂ ಲೆಕ್ಕ ಒಪ್ಪಿಸಬೇಕು.

ಅಷ್ಟರಲ್ಲಿ ಅವರ ಮಗ ಫೋನ್ ಹಿಡಿದುಕೊಂಡು ಬಂದು, ಹೋದ ಅಕ್ಟೋಬರಿನಲ್ಲಿ ತೀರಿಕೊಂಡ ಅಮೆರಿಕದ ನಟ ಮ್ಯಾಥ್ಯೂ ಪೆರ್ರಿಯ ಸುದ್ದಿಯನ್ನು ತೋರಿಸಿದ. ನ್ಯಾಯವಾದ ಭಯ. ಆ ನಟನ ರಕ್ತದಲ್ಲಿದ್ದದ್ದು ಪೂರ್ಣ ಅರಿವಳಿಕೆಯ ಮಟ್ಟದ ಕೆಟಮಿನ್ ಎಂದೂ, ವೈದ್ಯರು ಕೊಟ್ಟ ಕೊನೆಯ ಡ್ರಿಪ್ ಒಂದು ವಾರಕ್ಕಿಂತ ಹಿಂದಿನದಾದ್ದರಿಂದ ಅದು ಅಲ್ಲಿಂದ ಬಂದದ್ದಲ್ಲವೆಂದೂ, ಹತ್ತಿರ ಯಾರೂ ಇಲ್ಲದೆ ಬಿಸಿನೀರಿನ ತೊಟ್ಟಿಯಲ್ಲಿದ್ದದ್ದೇ ದೊಡ್ಡ ಅಪಾಯವೆಂದೂ ಕುಳ್ಳಿರಿಸಿ ವಿವರಿಸಿದೆ. "ಹಾಗಾದ್ರೆ ನೀವು ಎದ್ದು ಹೋಗಲ್ಲ ಅಲ್ವಾ ಮೇಡಂ?" ಎಂದ. ಹೋಗುವುದಿಲ್ಲ ಎಂದೆ.

ಇಪ್ಪತ್ತೆರಡನೆಯ ನಿಮಿಷದ ಹೊತ್ತಿಗೆ 128/82 ಇದ್ದ ಬಿ.ಪಿ. 164/98ಕ್ಕೆ ಏರಿತು. ಅದು ನಿರೀಕ್ಷಿತ. ಆದರೆ ರೈಟರ್ ಎರಡೂ ಅಂಗೈಗಳನ್ನು ಮುಖದ ಹತ್ತಿರ ತಂದು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು. "ಇವು ನನ್ನವಲ್ಲ" ಎಂದರು. ಆಮೇಲೆ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು. ನನ್ನ ಕೈ ತಾನಾಗಿಯೇ ಟ್ರೇಯಲ್ಲಿದ್ದ, ಮಂಪರು ತರಿಸಿ ಶಾಂತಗೊಳಿಸುವ ಮಿಡಜೋಲಾಮ್ ಸಿರಿಂಜಿಗೆ ಹೋಯಿತು. ನಮ್ಮ ತರಬೇತಿಯಲ್ಲಿ ಕೆಟಮಿನ್ ಕೊಟ್ಟವರ ಮಾತು, ಅಳು, ಕನವರಿಕೆ ಎಲ್ಲವೂ ಅಡ್ಡಪರಿಣಾಮ; ಅದನ್ನು ಅಡಗಿಸಿದವರೇ ಜಾಣರು. ಇದುವರೆಗೆ ಎಷ್ಟು ಜನರ ಮಾತನ್ನು ಹೀಗೆ ಅರ್ಧಕ್ಕೇ ಮುಚ್ಚಿದ್ದೇನೋ!

ಮಂಚದ ಆ ಬದಿಯಲ್ಲಿ ಕುಳಿತಿದ್ದ ಮನಶ್ಶಾಸ್ತ್ರಜ್ಞೆ ನನ್ನ ಕೈಯನ್ನೇ ನೋಡುತ್ತಾ ತಲೆಯಾಡಿಸಿದರು, ಬೇಡ ಎಂಬಂತೆ. ಮನೋವೈದ್ಯರು ಮೆಲ್ಲಗೆ, "ನಿರ್ಧಾರ ನಿಮ್ಮದೇ ಮೇಡಂ. ಆದರೆ ಅದನ್ನು ಕೊಟ್ಟರೆ ಇದರ ಗುಣ ಸ್ವಲ್ಪ ಮಂಕಾದೀತು" ಎಂದರು. ಮಿಡಜೋಲಾಮ್‌ನ ಗುಂಪಿನ ಔಷಧಗಳು ಕೆಟಮಿನ್‌ನ ಖಿನ್ನತೆ ನಿವಾರಕ ಗುಣವನ್ನು ತಗ್ಗಿಸಬಹುದೆಂಬ ಸೂಚನೆಗಳಿರುವುದು ನಿಜ; ಹಾಗೆಂದು ಹೆದರಿ ನಡುಗುವವರನ್ನು ನೋಡುತ್ತಾ ಕೂರಲೂ ಆಗದು. ಡ್ರಿಪ್ ನಿಲ್ಲಿಸುವ ಹಕ್ಕು ಮೂವರಿಗೂ ಉಂಟು, ಬೇರೆ ಔಷಧ ಸೇರಿಸುವ ಹಕ್ಕು ನನಗೆ ಮಾತ್ರ, ಬಿ.ಪಿ. 180/110 ದಾಟಿದರೆ ಚರ್ಚೆಯೇ ಇಲ್ಲ ಎಂದು ಮೊದಲ ದಿನವೇ ಕಾಗದದ ಮೇಲೆ ಬರೆದುಕೊಂಡಿದ್ದೆವು. ಆ ಕಾಗದ ಇಲ್ಲದಿದ್ದರೆ ಇಂದು ರೋಗಿಯ ತಲೆಯ ಮೇಲೆಯೇ ವಾದ ನಡೆಯುತ್ತಿತ್ತು.

ಪಂಪಿನ ವೇಗವನ್ನು ಅರ್ಧಕ್ಕೆ ಇಳಿಸಿ ಕಾದೆ. ಮನಶ್ಶಾಸ್ತ್ರಜ್ಞೆ ಅವರ ಮಣಿಕಟ್ಟಿನ ಮೇಲೆ ಬೆರಳಿಟ್ಟು, "ನಾವು ಇಲ್ಲೇ ಇದ್ದೀವಿ, ಇದು ಔಷಧದ ಕೆಲಸ, ಹೋಗುತ್ತೆ" ಎಂದಷ್ಟೇ ಹೇಳಿದರು. ಐದು ನಿಮಿಷದ ನಂತರ ಕೈಗಳು ಹೊದಿಕೆಯ ಮೇಲೆ ಇಳಿದವು. ನಡುವೆ ಕರೆಂಟು ಹೋಗಿ ಪಂಪ್ ಬ್ಯಾಟರಿಗೆ ಹೊರಳಿ ಒಮ್ಮೆ ಕೂಗಿತು. ಬೆಚ್ಚಿಬಿದ್ದವರು ನಾವು, ರೋಗಿಯಲ್ಲ.

ಎರಡು ಗಂಟೆ ಕಾಲ ನಿಗಾ ಮುಗಿಸಿ, ಗೆರೆಯ ಮೇಲೆ ನೇರವಾಗಿ ನಡೆಸಿ ನೋಡಿ ಕಳಿಸಿದ ಮೇಲೆ ಮೂವರೂ ಕಾಫಿಗೆ ಕುಳಿತೆವು. ಮೆದುಳಿಗೆ ವಿದ್ಯುತ್ ಹಾಯಿಸುವ ಕರೆಂಟ್ ಚಿಕಿತ್ಸೆಯನ್ನೇ ಮೊದಲು ಕೊಡಬಹುದಿತ್ತಲ್ಲ ಎಂದು ಕೇಳಿದೆ. ಅದನ್ನು ಹೇಳಿ ನೋಡಿದ್ದರಂತೆ, ಹೆಂಡತಿ ಹೆದರಿದರಂತೆ. ಚಿತ್ತವಿಕಲತೆಯಿಲ್ಲದ, ಮಾತ್ರೆಗೆ ಬಗ್ಗದ ಖಿನ್ನತೆಯಲ್ಲಿ ಈ ಎರಡನ್ನೂ ಹೋಲಿಸಿದ 2023ರ ಅಮೆರಿಕದ ಅಧ್ಯಯನವೊಂದರಲ್ಲಿ ಕೆಟಮಿನ್ ಪಡೆದವರಲ್ಲಿ ಶೇಕಡಾ 55.4ರಷ್ಟು ಮಂದಿಗೆ, ಕರೆಂಟ್ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 41.2ರಷ್ಟು ಮಂದಿಗೆ ಗುಣ ಕಂಡಿತ್ತು. ಆದರೆ ಇಂಥ ಡ್ರಿಪ್ಪಿನ ಗುಣ ಬಹಳ ದಿನ ನಿಲ್ಲುವುದಿಲ್ಲ. ಒಂದು ಡ್ರಿಪ್ಪಿನದು ವಾರದೊಳಗೇ ಕರಗಬಹುದು. ಹಾಗಾಗಿ ಮಾತ್ರೆಯೂ ಮಾತಿನ ಚಿಕಿತ್ಸೆಯೂ ಜೊತೆಗೇ ನಡೆಯಬೇಕೆಂಬುದರಲ್ಲಿ ನಮ್ಮ ಮೂವರಿಗೂ ಭಿನ್ನಾಭಿಪ್ರಾಯವಿಲ್ಲ. ಅಂಗೈ ನೋಡಿಕೊಂಡ ಆ ಗಳಿಗೆಯಲ್ಲಿ ರೈಟರ್ ಸತ್ತ ತಮ್ಮನ ಹೆಸರು ಹೇಳಿದರೆಂದು ಮನಶ್ಶಾಸ್ತ್ರಜ್ಞೆ ತಿಳಿಸಿದರು. ನನಗೆ ಅದು ಕೇಳಿಸಿರಲೇ ಇಲ್ಲ. ನನ್ನ ಕಣ್ಣು ಮಾನಿಟರ್ ಮೇಲಿತ್ತು, ಅಲ್ಲೇ ಇರಬೇಕಿತ್ತು ಕೂಡ.

ಜುಲೈ 19, ಶುಕ್ರವಾರ

ಮಧ್ಯಾಹ್ನ ಹೆಂಡತಿಯ ಫೋನ್. ರಾತ್ರಿ ಚೆನ್ನಾಗಿ ಮಲಗಿದರಂತೆ, ಊಟ ಮಾತ್ರ ಅಷ್ಟಕ್ಕಷ್ಟೇ. ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು, ರಾತ್ರಿ ಎಷ್ಟು ಇಂಚು ಬಿತ್ತೆಂದು ಮಗನನ್ನು ಕೇಳಿದರಂತೆ. ಅವನಿಗೆ ಗೊತ್ತಿರಲಿಲ್ಲ, ಅವರೇ ಹೋಗಿ ನೋಡಲೂ ಇಲ್ಲ. ಮನೋವೈದ್ಯರಿಗೆ ತಿಳಿಸಿದೆ. ಸೋಮವಾರದ ಡ್ರಿಪ್ಪಿಗೆ ಪಂಪನ್ನು ಗಂಟೆಗೆ 60ಕ್ಕೆ ಇಟ್ಟು ಐವತ್ತು ನಿಮಿಷ ನಡೆಸುವುದೆಂದು ಒಪ್ಪಿಕೊಂಡಿದ್ದೇವೆ. ಮಿಡಜೋಲಾಮ್ ಟ್ರೇಯಲ್ಲೇ ಇರುತ್ತದೆ, ಆದರೆ ಸಿರಿಂಜಿಗೆ ಎಳೆಯದೆ.